ಕೇಪಿನ ಕೋವಿ

ಅಮೆರಿಕದ ಬಂದೂಕುಪ್ರಿಯರು ದೊಡ್ಡ ಗುಂಡಿನ ರಿವಾಲ್ವರ್ ಒಂದು, ಲಿವರ್ ಎಳೆದು ಹಾರಿಸುವ ಕಾರ್ಬೈನ್ ಒಂದು, ಎರಡಕ್ಕೂ ಒಂದೇ ತೋಟಾ ಆಗುವಂತೆ ಆರಿಸಿಕೊಳ್ಳುತ್ತಾರೆ. ಹಳೆಯ ಜಾಣತನ ಇದು. 1873ರ ವಿಂಚೆಸ್ಟರ್ ಕೋವಿಯ ತೋಟಾಕ್ಕೇ ಹೊಂದುವ ರಿವಾಲ್ವರನ್ನು ಕೋಲ್ಟ್ ಕಂಪನಿ ಆಮೇಲೆ ತಯಾರಿಸಿತು. ಖಾಲಿ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವ ಹವ್ಯಾಸಿಗಳೂ ಅಲ್ಲಿ ಬೇಕಾದಷ್ಟು.

ಶಿರಾಳಕೊಪ್ಪದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಜ್ಜನಿಗೆ ಆರಿಸುವ ಭಾಗ್ಯ ಇರಲಿಲ್ಲ. ಜೋಡು ನಳಿಗೆಯ ತೋಟಾ ಕೋವಿಗೆ ದುಡ್ಡು ಸಾಲದು. ಬೆಳೆ ಕಾಯುವ ಲೈಸೆನ್ಸಿನ ಮೇಲೆ ತಂದದ್ದು ಒಂಟಿ ನಳಿಗೆಯ ಕೇಪಿನ ಕೋವಿ. ತುಂಬುವುದೆಲ್ಲ ಕೈಯಲ್ಲೇ: ನಳಿಗೆಯ ಬಾಯಿಂದ ಮದ್ದು, ಮೇಲೆ ತೆಂಗಿನ ನಾರು, ಸರಳಿನಿಂದ ಜಡಿದು ಚರೆ, ಮತ್ತೆ ನಾರು. ಕೇಪು ಕಡೆಗೆ. "ಅದು ಜೇಬಲ್ಲೇ ಇರ್ಲಿ ಮಗಾ, ಹಂದಿ ಕಂಡ ಮೇಲೆ ನೋಡಾಣ" ಅನ್ನುತ್ತಿದ್ದ. ಮಳೆಗಾಲದಲ್ಲಿ ಮದ್ದು ತೇವ ಹಿಡಿದರೆ ಕೇಪು ಚಟ್ಟೆನ್ನುತ್ತಿತ್ತು, ಈಡು ಮಾತ್ರ ಆಗುತ್ತಿರಲಿಲ್ಲ. ಹಂದಿ ಅಷ್ಟರಲ್ಲಿ ಜೋಳದ ಹೊಲದಾಚೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು; ಹಿಂದಿನ ದಿನ ಒಳಗಿದ್ದ ಈಡನ್ನು ಕೆರೆ ಏರಿಯ ಮಣ್ಣಿಗೆ ಹಾರಿಸಿ ಖಾಲಿ ಮಾಡುತ್ತಿದ್ದ. ಅವನ ಈಡುಗಳಲ್ಲಿ ಗುರಿ ತಪ್ಪದ್ದು ಅದೊಂದೇ ಎಂದು ಅಜ್ಜಿ ನಗುತ್ತಿದ್ದಳು.

ಅಜ್ಜ ಹೋದ ಮೇಲೆ ಲೈಸೆನ್ಸು ಯಾರ ಹೆಸರಿಗೆ ಎಂಬ ಮಾತು ಎದ್ದಿದೆ. ಸೋಲಾರ್ ಬೇಲಿ ಸಾಕು, ಕೋವಿ ಸರ್ಕಾರಕ್ಕೆ ಹೋಗಲಿ ಅನ್ನುತ್ತಾರೆ ಅಪ್ಪ. ಅವರ ಮಾತಿನಲ್ಲಿ ಹುರುಳಿದೆ. 1972ರ ವನ್ಯಜೀವಿ ಕಾಯ್ದೆ ಇರುವಾಗ ಅನುಮತಿಯಿಲ್ಲದೆ ಕಾಡುಹಂದಿಯನ್ನೂ ಹೊಡೆಯುವಂತಿಲ್ಲ. ಆದರೂ ನನಗೆ ಆ ಕೋವಿ ಬೇಕು. ಹೊಡೆಯಲಿಕ್ಕಲ್ಲ; ಅದರ ಮರದ ಹಿಡಿಯಲ್ಲಿ ಅಜ್ಜನ ಕೆನ್ನೆ ಒರಗಿ ಸವೆದ ನುಣುಪಿದೆ.

ಕೋವಿ ಈಗ ಠಾಣೆಯಲ್ಲಿದೆ. ಅರ್ಜಿಗೆ ಅಪ್ಪನ ಒಪ್ಪಿಗೆಯ ಸಹಿ ಬೇಕು. ಇನ್ನೂ ಕೇಳಿಲ್ಲ, ಜೋಳ ತೆನೆ ಕಟ್ಟುತ್ತಿದೆ.