ದರ ಮೊದಲ ಬರಿ

ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ತಗೊಂಡವರೆಲ್ಲ ಒಳಗೊಳಗೇ ಕವಿಗಳು. ಎಂಬತ್ತರ ದಶಕದ ಬೀದರಿನಲ್ಲಿ, ನಮ್ಮ ಸಣ್ಣ ಕಾಲೇಜಿನ ಕೊನೆಯ ಕೋಣೆಯಲ್ಲಿ ಅಂಥವರದೊಂದು ಗುಂಪೇ ಇತ್ತು. ಪಂಪನಿಂದ ಕುವೆಂಪುವರೆಗೆ ಓದಿಸಿದರು, ಗಣ ಹಾಕಿಸಿ ಪ್ರಸ್ತಾರ ಮಾಡಿಸಿದರು. ಬರೆಯುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಕೇಳಿದರೆ, ‘ಅದು ಪ್ರತಿಭೆಯಿಂದ ಬರಬೇಕಪ್ಪ’ ಎಂದು ಮೇಷ್ಟ್ರು ಚಾಳೀಸು ಒರೆಸಿಕೊಳ್ಳುತ್ತಿದ್ದರು. ಈಗ ದೊಡ್ಡ ಊರುಗಳ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಕತೆ ಬರೆಯುವುದನ್ನೇ ಪಾಠ ಮಾಡುತ್ತಾರಂತೆ, ಲಕ್ಷಗಟ್ಟಲೆ ಫೀಸು. ನನಗೆ ಆ ವಿದ್ಯೆ ಸಂಬಳ ಕೊಟ್ಟು ಕಲಿಸಿದ್ದು ನಮ್ಮೂರಿನ ಕಾಳುಕಡಿ ಮಾರುಕಟ್ಟೆ, ಗಾಂಧಿ ಗಂಜ್.

ಕ್ಲಾಸು ಮುಗಿದ ಮೇಲೆ ಅಲ್ಲಿನ ಅಡತ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಸವಾಲಿನ ಹೊತ್ತಿಗೆ ಖರೀದಿದಾರರು ತೊಗರಿ ರಾಶಿಯೊಳಗೆ ಮೊಣಕೈತನಕ ಕೈ ತೂರಿಸಿ ಒಂದು ಹಿಡಿ ತೆಗೆಯುವರು. ಮೇಲಿನ ಕಾಳನ್ನು ಯಾರೂ ನಂಬುವುದಿಲ್ಲ. ಅಂಗೈ ಮೇಲೆ ಹರವಿ, ಉಫ್ ಎಂದು ಊದಿ, ಒಂದು ಕಾಳನ್ನು ಹಲ್ಲಿಗೆ ಕೊಡುವರು. ‘ಕಟ್’ ಅಂದರೆ ಒಣಗಿದ ಮಾಲು. ಮೆತ್ತಗಾದರೆ ದರ ಇಳಿಯಿತು, ರೈತನ ಮುಖವೂ ಇಳಿಯಿತು.

ನಮ್ಮ ಅಂಗಡಿಯ ಮುನೀಮರು ಔರಾದ ಕಡೆಯವರು. ಮನೆಯಲ್ಲಿ ಮರಾಠಿ, ಗಂಜಿನಲ್ಲಿ ಕನ್ನಡ, ಓದಿದ್ದು ನಿಜಾಮರ ಉರ್ದು ಶಾಲೆಯಲ್ಲಿ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಾಲ ಅದು. ಗಂಜಿನಲ್ಲಿ ದರ ಏರಿದಾಗ ಹಳ್ಳಿಯ ರೈತರಿಗೆ 15 ಪೈಸೆಯ ಕಾರ್ಡು ಬರೆಯುವ ಕೆಲಸ ನನಗೆ ಬಂತು. ‘ಮಾನ್ಯರೇ, ತಾವು ಸಕುಟುಂಬ ಕ್ಷೇಮವೆಂದು ಭಾವಿಸುತ್ತೇನೆ’ ಎಂದು ಶುರು ಹಚ್ಚಿದ್ದೆ. ಮುನೀಮರು ಕಾರ್ಡು ಇಸಕೊಂಡು ಅಡ್ಡಗೆರೆ ಎಳೆದರು.

‘ದರ ಮೊದಲ ಬರಿ. ಜಾಗ ಉಳದ್ರ ಕ್ಷೇಮ ಬರಿ. ಅಂವ ಕಾರ್ಡ್ ಓದಸ್ಲಾಕ ಯಾರ ಮನೀಗೋ ಹೋಗ್ತಾನ. ಓದಾವ್ರು ಅರ್ಧಕ್ಕ ಎದ್ದು ಹೋದ್ರೂ ಅವಂಗ ದರ ಗೊತ್ತಾಗಬೇಕಲ್ಲ!’

ಓದುವವನು ಅರ್ಧಕ್ಕೆ ಎದ್ದು ಹೋಗಬಹುದೆಂಬ ಭಯ ನಮ್ಮ ಕನ್ನಡ ವಿಭಾಗಕ್ಕೆ ಯಾವತ್ತೂ ಇರಲಿಲ್ಲ.

ಆಮೇಲೊಂದು ದಿನ ಇತಿಹಾಸದ ಮೇಷ್ಟ್ರು ಹೇಳಿದ ಸಂಗತಿ ಕೇಳಿ ನಗು ಬಂತು. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗಾವಾನ್, ಪತ್ರ ಬರೆಯುವ ಕಲೆ ಕುರಿತು ಪರ್ಷಿಯನ್ನಿನಲ್ಲಿ ‘ಮನಾಜಿರ್-ಉಲ್-ಇನ್ಶಾ’ ಎಂಬ ಗ್ರಂಥವನ್ನೇ ಬರೆದಿದ್ದನಂತೆ. ಪ್ರತಿಭೆಯ ಮಂತ್ರ ಹೇಳುವ ನಮ್ಮವರಿಗಿಂತ ಐನೂರು ವರ್ಷ ಮೊದಲೇ ಈ ಊರಿನಲ್ಲಿ ಬರವಣಿಗೆಗೊಂದು ಪಠ್ಯಪುಸ್ತಕವಿತ್ತು! ಅವನ ಸಾವಿಗೆ ಕಾರಣವಾದದ್ದೂ ಒಂದು ಪತ್ರವೇ. ಅವನ ಮುದ್ರೆ ಬಿದ್ದ ಖಾಲಿ ಕಾಗದದ ಮೇಲೆ ವೈರಿಗಳು ಒರಿಸ್ಸಾದ ರಾಜನಿಗೆ ರಾಜದ್ರೋಹದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ತಲೆ ಹೋಯಿತು.

ಮುನೀಮರಿಗೆ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ. ಗಲ್ಲಾ ಪೆಟ್ಟಿಗೆಯ ಕೆಳಗಿನ ಖಾನೆ ಎಳೆದು ತೋರಿಸಿದರು. ಬಿತ್ತನೆಗೆ ಉಚಲು, ಅಂದರೆ ಮುಂಗಡ ಸಾಲ, ಒಯ್ದವರ ಕಾಗದಗಳು. ಒಂದಕ್ಷರ ಬರೆದಿಲ್ಲ, ಕೆಳಗೆ ನೀಲಿ ಹೆಬ್ಬೆಟ್ಟು ಮಾತ್ರ. ಕೆಲವದರಲ್ಲಿ ಮಸಿ ಹರಡಿ ಗೆರೆಗಳೇ ಕಾಣುತ್ತಿರಲಿಲ್ಲ. ‘ಇಲ್ಲಿ ದಿನಾ ಹಾಕ್ತಾರ’ ಎಂದು ಖಾನೆ ಮುಚ್ಚಿದರು.

ಆ ಹೆಬ್ಬೆಟ್ಟಿನ ಮೇಲೆ ಕತೆ ಬರೆದೆ. ಮೊದಲ ಸಾಲಿನಲ್ಲೇ ಎಷ್ಟು ಸಾಲ, ಯಾರಿಗೆ ಎಂದು ಹೇಳಿಬಿಟ್ಟಿದ್ದೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಆಯ್ಕೆಯಾಯಿತು. ಆದರೆ ಅಚ್ಚಾಗಿ ಬಂದಾಗ ನನ್ನ ರೈತನ ‘ಕೊಡ್ಲಾಕ ಆಗಲ್ರೀ ಸಾವ್ಕಾರ’ ಎಂಬುದು ‘ಈಗ ಹಿಂದಿರುಗಿಸಲು ಸಾಧ್ಯವಿಲ್ಲ, ಸ್ವಾಮಿ’ ಎಂದಾಗಿತ್ತು. ತಿದ್ದಿದವರು ಪ್ರೀತಿಯಿಂದಲೇ ತಿದ್ದಿದ್ದರು, ಬೀದರಿನ ಮಾತು ಅಶುದ್ಧವೆಂದು ಅವರಿಗೂ ಯಾರೋ ಕಲಿಸಿದ್ದರಲ್ಲ.

ಸಂಚಿಕೆ ಒಯ್ದು ಮುನೀಮರಿಗೆ ಓದಿ ಹೇಳಿದೆ. ಅರ್ಧಕ್ಕೆ ಏಳಲಿಲ್ಲ, ಪೂರಾ ಕೇಳಿದರು. ಎಲೆಗೆ ಸುಣ್ಣ ಹಚ್ಚುತ್ತ ಅಂದರು:

‘ಇಂವ ರೈತ ಅಲ್ಲಪಾ, ತಹಶೀಲ್ ಕಚೇರ್ಯಾಂವ ಇರಬೇಕು. ಹಿಂಗ ಮಾತಾಡಾಂವಗ ನಾ ಆಗಿದ್ರ ಉಚಲೇ ಕೊಡ್ತಿರಲಿಲ್ಲ.’