ಬಿ.ಸಿ.ರೋಡಿನ ಇಂಗ್ಲಿಷು

ಮಂಗಳೂರಿನಿಂದ ಬೆಂಗಳೂರು ಹೆದ್ದಾರಿಯಲ್ಲಿ ಸುಮಾರು 25 ಕಿಲೋಮೀಟರು ಪೂರ್ವಕ್ಕೆ ಬಂದರೆ, ನೇತ್ರಾವತಿಯ ಸಮೀಪದಲ್ಲಿ ಬಿ.ಸಿ.ರೋಡು ದೊರೆಯುವುದು. ಇದೆಂತಹ ಹೆಸರೆಂದು ಪರಸ್ಥಳದವರು ಬೆರಗಾಗುವುದುಂಟು. ‘ಬಂಟ್ವಾಳ ಕ್ರಾಸ್ ರೋಡ್’ ಎಂಬುದರ ಮೊದಲಕ್ಷರಗಳಷ್ಟೆ. ಬಂಟ್ವಾಳ ಪೇಟೆಗೂ ಆಚೆಯ ಬೆಳ್ತಂಗಡಿ, ಮೂಡಬಿದಿರೆಗಳಿಗೂ ದಾರಿ ಕವಲೊಡೆಯುವುದು ಇಲ್ಲಿಯೇ. ಸಾಮಾನ್ಯ ಆಂಗ್ಲ ನಿಘಂಟಿನಲ್ಲಿ ‘ಕ್ರಾಸ್’ ಎಂದರೆ ಶಿಲುಬೆ, ದಾಟು, ಸಿಡುಕು. ಬಸ್ಸಿಳಿದು ಒಳದಾರಿ ಹಿಡಿಯುವ ಸ್ಥಳವೆಂಬ ಅರ್ಥವನ್ನು ಕೊಟ್ಟವರು ನಮ್ಮ ಜನರು. ಕಂಡಕ್ಟರನ ‘ರೈಟ್’ ಸಹ ಅಂತಹದೇ. ಅದು ಸರಿಯೂ ಅಲ್ಲ, ಬಲಗಡೆಯೂ ಅಲ್ಲ, ಹೊರಡು ಎಂದರ್ಥ! ‘ರೈಟ್, ಪೋಯಿ’ ಎಂದು ತುಳುವನ್ನೂ ಬೆರೆಸಿದನೆಂದರೆ ಆಂಗ್ಲರಿಗೆ ದುಭಾಷಿಯೇ ಬೇಕು.

ಇಂತಹ ಮಾತುಗಳನ್ನು ತಪ್ಪೆಂದು ನಗುವವರ ಪಕ್ಷ ನಮ್ಮದಲ್ಲ. ನಮ್ಮ ವ್ಯಸನವು ಬೇರೆ. ಬಿ.ಸಿ.ರೋಡಿನ ಮಗ್ಗುಲಲ್ಲೇ ಕೈಕಂಬವೆಂಬ ಸ್ಥಳವುಂಟು. ದಾರಿ ತೋರಲು ಕೈಯಂತೆ ಹಲಗೆಯನ್ನು ಚಾಚಿ ನಿಂತ ಕಂಬವೇ ಕೈಕಂಬ. ಮಗುವಿಗೂ ತಿಳಿಯುವ ಮಾತು. ಇಂತಹುದು ನಮ್ಮಲ್ಲಿರುವಾಗ ಕವಲು ಕಂಡಲ್ಲೆಲ್ಲ ಕ್ರಾಸೆಂದು ಹೆಸರಿಡಬೇಕೆ?

ರೈಲಿನಲ್ಲಿ ಬರುವ ವಾಚಕರು ಬಿ.ಸಿ.ರೋಡಿಗೆ ಟಿಕೇಟು ಕೇಳಬಾರದು. ಇಲ್ಲಿಯ ನಿಲ್ದಾಣದ ಹೆಸರು ಬಂಟವಾಳ.