ಗುಮ್ಮಟ ಕೇಳಿದ ಗುಟ್ಟು

ಬೀಳಗಿಯಲ್ಲಿ ಹುಟ್ಟಿ ಬೆಳೆದವರಿಗೆ ಆಳವೆಂದರೆ ಅಂಜಿಕೆಯಿಲ್ಲ. ಊರನ್ನು ಹೊರಗಿನವರಿಗೆ ಪರಿಚಯಿಸುವ ಸ್ಮಾರಕಗಳಲ್ಲಿ ಅರೆಟ್ಟಿನ ಬಾವಿಯೂ ಒಂದು. ಸುತ್ತಲಿನ ಹೊಲಗಳ ಬಾವಿಗಳಲ್ಲಿ ಮೆಟ್ಟಿಲಿಳಿದು ನೀರು ಮುಟ್ಟಿ, ಈಜು ಕಲಿತು, ಬೇಸಗೆಯ ಮಧ್ಯಾಹ್ನಗಳನ್ನು ಅಲ್ಲಿಯೇ ಕಳೆಯುವುದು ಆ ಸೀಮೆಯ ಹುಡುಗರಿಗೆ ಹೊಸತಲ್ಲ. ಮಾಸ್ತರರೂ ಹಾಗೆಯೇ ಬೆಳೆದವರು. ಆದರೆ ಅವರು ಮೆಟ್ಟಿಲಿಳಿದು ಈಜಿದವರೇ ಹೊರತು ಬಾವಿಯ ಕಟ್ಟೆಯ ಮೇಲಿನಿಂದ ನೀರಿಗೆ ಹಾರಿದವರಲ್ಲ. ಇದನ್ನು ಆ ಕಾಲದಲ್ಲಿ ಯಾರೂ ಗಮನಿಸಲಿಲ್ಲ.

ಮಾಸ್ತರರು ಬೀಳಗಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಪ್ರತಿ ವರ್ಷ ಚಳಿಗಾಲದಲ್ಲಿ ಮಕ್ಕಳನ್ನು ವಿಜಾಪುರಕ್ಕೆ, ಅಂದರೆ 2014ರಿಂದ ಅಧಿಕೃತವಾಗಿ ವಿಜಯಪುರವೆನಿಸಿಕೊಂಡ ಆ ಊರಿಗೆ, ಪ್ರವಾಸಕ್ಕೆ ಕರೆದೊಯ್ಯುವುದು ಅವರ ಪರಿಪಾಠವಾಗಿತ್ತು. ಪ್ರವಾಸದ ಹಿಂದಿನ ದಿನ ಅವರು ಗೋಳಗುಮ್ಮಟದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು, ಅದರ ಅಳತೆಗಳನ್ನೆಲ್ಲ ಬಾಯಿಪಾಠವಾಗಿ ಒಪ್ಪಿಸುತ್ತಿದ್ದರು. ಮರುದಿನ ಮಕ್ಕಳು ಗೋಪುರದ ಮೆಟ್ಟಿಲು ಹತ್ತಲು ಓಡಿದಾಗ ಮಾತ್ರ ಬೇರೊಬ್ಬ ಶಿಕ್ಷಕರನ್ನು ಅವರ ಜೊತೆಗೆ ಕಳುಹಿಸಿ, ತಾವು ಹುಲ್ಲುಹಾಸಿನ ಮೇಲೆ ಬುತ್ತಿಯ ಗಂಟುಗಳನ್ನು ಕಾಯುತ್ತ ಕುಳಿತುಬಿಡುತ್ತಿದ್ದರು. ‘ಬುತ್ತಿ ಕಾಯಲು ಒಬ್ಬರಾದರೂ ಬೇಕಲ್ಲ?’ ಎಂಬ ಅವರ ಸಮಜಾಯಿಷಿಯನ್ನು ಯಾರೂ ಪ್ರಶ್ನಿಸಿರಲಿಲ್ಲ. ಎಷ್ಟೋ ಸಲ ಪ್ರವಾಸದಲ್ಲಿ ಜೊತೆಗೂಡುತ್ತಿದ್ದ ಅವರ ಧರ್ಮಪತ್ನಿಯೂ ಪ್ರಶ್ನಿಸಿರಲಿಲ್ಲ. ಆಕೆ ಸುಮ್ಮನೆ ಅವರ ಪಕ್ಕದಲ್ಲಿ ಕುಳಿತು ತಾನೂ ಬುತ್ತಿ ಕಾಯುತ್ತಿದ್ದಳು.

ನಿಜಸಂಗತಿಯೆಂದರೆ, ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಮಾಸ್ತರರು ಒಮ್ಮೆ ಆ ಗೋಪುರವನ್ನು ಹತ್ತಲು ಹೊರಟಿದ್ದರು. ಮೂರನೆಯ ಅಂತಸ್ತಿನಲ್ಲಿ ಕಿಂಡಿಯಿಂದ ಕೆಳಗೆ ನೋಡಿದೊಡನೆ ತಲೆ ಗಿರ್ರೆಂದು ತಿರುಗಿ ಮೆಟ್ಟಿಲ ಮೇಲೆಯೇ ಕುಸಿದು ಕುಳಿತರು. ಬಳಿಕ ಒಂದೊಂದೇ ಮೆಟ್ಟಿಲನ್ನು ಕುಳಿತುಕೊಂಡೇ ಇಳಿದು ಬಂದರು. ಅಂದಿನಿಂದ ಇದು ಅವರ ಗುಟ್ಟಾಯಿತು.

ಗುಟ್ಟುಗಳಿಗೆ ಒಂದು ದುರ್ಗುಣವಿದೆ. ಅವು ಇದ್ದಲ್ಲಿಯೇ ಇರುವುದಿಲ್ಲ, ಬೆಳೆಯುತ್ತವೆ. ಮಾಸ್ತರರ ಮಗ ಬೆಂಗಳೂರಿನಲ್ಲಿ ನೌಕರಿ ಹಿಡಿದು, ಎತ್ತರದ ವಸತಿಕಟ್ಟಡವೊಂದರ ಹದಿನಾಲ್ಕನೆಯ ಮಹಡಿಯಲ್ಲಿ ಮನೆ ಮಾಡಿದನು. 1973ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಇಪ್ಪತ್ತೈದು ಅಂತಸ್ತುಗಳ ಪಬ್ಲಿಕ್ ಯುಟಿಲಿಟಿ ಕಟ್ಟಡ ತಲೆಯೆತ್ತಿದಾಗ ಹೊರಊರಿನವರು ಅದನ್ನು ಕತ್ತೆತ್ತಿ ನೋಡಿ ಬೆರಗಾಗುತ್ತಿದ್ದ ಕಾಲವೊಂದಿತ್ತು. ಈಗ ಬೆಂಗಳೂರಿನಲ್ಲಿ ಅಂಥ ಎತ್ತರದಲ್ಲಿ ಜನ ಅಡಿಗೆ ಮಾಡಿ, ಬಟ್ಟೆ ಒಣಗಿಸಿ, ಮಕ್ಕಳನ್ನು ಮಲಗಿಸುತ್ತಾರೆ. ಮಾಸ್ತರರು ಅಲ್ಲಿಗೆ ಒಮ್ಮೆ ಹೋಗಿ, ನಾಲ್ಕು ದಿನವೂ ಪರದೆ ಎಳೆದ ಒಳಕೋಣೆಯಲ್ಲಿ ಪುಸ್ತಕ ಓದುತ್ತ ಕುಳಿತು ಹಿಂದಿರುಗಿದರು. ಮುಂದೆ ಮಗ ಕರೆದಾಗಲೆಲ್ಲ ಜೋಳದ ರಾಶಿ, ಸಂಬಂಧಿಕರ ಮದುವೆ, ಮನೆಯ ಸುಣ್ಣಬಣ್ಣ ಎಂದು ಏನಾದರೊಂದು ಅಡ್ಡ ಬರುತ್ತಿತ್ತು. ಮೊಮ್ಮಗಳು ತೊದಲುನುಡಿ ಕಲಿತದ್ದನ್ನು ಅಜ್ಜ ಅಜ್ಜಿ ಕೇಳಿದ್ದು ಟೆಲಿಫೋನಿನಲ್ಲಿ ಮಾತ್ರ.

ಒಂದು ಸಂಜೆ ಮನೆಯಾಕೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಹೇಳಿದಳು:

“ಮೂವತ್ತ ವರ್ಷ ನಿಮ್ಮ ಜೋಡಿ ಕುಂತು ಬುತ್ತಿ ಕಾದೇನ್ರಿ. ಮುಂದಿನ ವರ್ಷ ಈ ಮೊಣಕಾಲು ನನ್ನ ಮಾತು ಕೇಳತಾವೋ ಇಲ್ಲೋ. ಈ ಸಲ ಗುಮ್ಮಟ ಹತ್ತಾಕಿನ ನಾ. ನೀವು ಬೇಕಾದರ ಕೆಳಗ ಕುಂಡರ್ರಿ.”

ಮಾಸ್ತರರು ಮಾತಾಡಲಿಲ್ಲ. ಆ ರಾತ್ರಿ ಅವರಿಗೆ ನಿದ್ರೆ ಸರಿಯಾಗಿ ಬರಲಿಲ್ಲ.

ಬೀಳಗಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಎರಡು ತಾಸಿನ ಹಾದಿ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗುವ ಮೊದಲು ಬೀಳಗಿಗೂ ವಿಜಾಪುರವೇ ಜಿಲ್ಲೆಯ ಊರು. ಕೋರ್ಟು, ಕಚೇರಿ, ಸಂತೆ, ಎಲ್ಲಕ್ಕೂ ಜನ ಅಲ್ಲಿಗೇ ಹೋಗುತ್ತಿದ್ದರು. ದಾರಿಯಲ್ಲಿ ಕೃಷ್ಣೆ ಅಡ್ಡಲಾಗುತ್ತಾಳೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹರಡಿಕೊಂಡ ಮೇಲೆ ನದಿ ಅಲ್ಲಿ ಕೆರೆಯಂತೆ ಅಗಲವಾಗಿದೆ. ಕೋರ್ತಿ–ಕೊಲ್ಹಾರಗಳ ನಡುವೆ ಅದರ ಮೇಲೆ ಚಾಚಿರುವ ಸೇತುವೆ ಸುಮಾರು 3 ಕಿಲೋಮೀಟರು ಉದ್ದ. ಸೇತುವೆ ಮುಗಿಯುವವರೆಗೆ ಮಾಸ್ತರರು ತಮ್ಮ ಕೈಚೀಲದ ಗುಂಡಿಯನ್ನೇ ನೋಡುತ್ತಿದ್ದರು. ಕಿಟಕಿಯ ಪಕ್ಕದ ಜಾಗವನ್ನು ಅವರು ಮೊದಲೇ ಹೆಂಡತಿಗೆ ಬಿಟ್ಟುಕೊಟ್ಟಿದ್ದರು.

ಗೋಳಗುಮ್ಮಟ ಊರು ತಲುಪುವ ಬಹು ಮೊದಲೇ ಕಾಣಿಸಿಕೊಳ್ಳುತ್ತದೆ. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲಶಾಹನ ಗೋರಿ ಇದು. ದಾಭೋಳದ ಯಾಕೂತನೆಂಬವನು ಇದರ ಶಿಲ್ಪಿಯೆಂದು ಹೇಳುತ್ತಾರೆ. ಎತ್ತರ ಸುಮಾರು 51 ಮೀಟರು. ಒಳಗಿನ ಚೌಕ ಹಜಾರದ ವಿಸ್ತಾರ 18,000 ಚದರಡಿಗೂ ಹೆಚ್ಚು. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ಇಷ್ಟು ದೊಡ್ಡ ಹಜಾರದ ನಡುವೆ ಒಂದೇ ಒಂದು ಕಂಬವಿಲ್ಲ. ನಾಲ್ಕು ಮೂಲೆಗಳಿಗೆ ಏಳೇಳು ಅಂತಸ್ತಿನ ಎಂಟುಮೂಲೆಯ ಗೋಪುರಗಳು ಆತುಕೊಂಡಿವೆ. ಮೇಲೆ ಹೋಗುವ ಮೆಟ್ಟಿಲುಗಳಿರುವುದು ಈ ಗೋಪುರಗಳಲ್ಲಿಯೇ. ಲಿಫ್ಟಿನಲ್ಲಿ ನಿಂತವನು ಎತ್ತರವನ್ನು ಅರಿಯದೆಯೇ ಏರಿಬಿಡುತ್ತಾನೆ. ಇಲ್ಲಿ ಮಾತ್ರ ಒಂದೊಂದು ಅಡಿಯನ್ನೂ ಕಾಲಿನಿಂದಲೇ ಸಂಪಾದಿಸಬೇಕು.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಮಾಸ್ತರರು ಒಂದು ಕ್ಷಣ ಹುಲ್ಲುಹಾಸಿನತ್ತ ನೋಡಿ, ಬಳಿಕ ಆಕೆಯ ಹಿಂದೆ ನಡೆದರು. ಮೊಣಕಾಲು ನೋವಿನವಳು ಎಲ್ಲಿಯಾದರೂ ಮುಗ್ಗರಿಸಿದರೆ ಹಿಂದೊಬ್ಬರು ಇರಬೇಕೆಂಬುದು ಅವರು ತಮಗೆ ತಾವೇ ಹೇಳಿಕೊಂಡ ಕಾರಣ.

ಎತ್ತರದ ಭಯವನ್ನು ಹೇಡಿತನವೆನ್ನುವವರು ಬಹಳ. ಆದರೆ ಅದಕ್ಕೆ ದೇಹಧರ್ಮದಲ್ಲಿಯೇ ಬೇರಿದೆ. ಮನುಷ್ಯ ನಿಂತಲ್ಲಿಯೂ ಅಲುಗಾಡದೆ ನಿಲ್ಲುವುದಿಲ್ಲ. ದೇಹ ಸದಾ ಕೊಂಚ ಓಲಾಡುತ್ತಲೇ ಇರುತ್ತದೆ. ಕಿವಿಯ ಒಳಭಾಗದ ಅಂಗವೂ, ಅಂಗಾಲೂ, ಕಣ್ಣೂ ಕೂಡಿ ಆ ಓಲಾಟವನ್ನು ತಿದ್ದುತ್ತವೆ. ಕಣ್ಣು ತನ್ನ ಕೆಲಸ ಮಾಡಬೇಕಾದರೆ ಹತ್ತಿರದಲ್ಲಿ ಕದಲದ ವಸ್ತುವೊಂದು ಬೇಕು. ಎತ್ತರದ ಬಯಲಿನಲ್ಲಿ ಎಲ್ಲವೂ ದೂರ; ಕಣ್ಣಿಗೆ ಊರುಗೋಲು ತಪ್ಪುತ್ತದೆ, ಓಲಾಟ ಹೆಚ್ಚುತ್ತದೆ, ತಲೆ ತಿರುಗುತ್ತದೆ. ಕೆಲವರಲ್ಲಿ ಈ ತಡವರಿಕೆಗೆ ಮನಸ್ಸಿನ ಕಳವಳವೂ ಸೇರಿ ಭಯವಾಗುತ್ತದೆ. ಬಾವಿಯ ಮೆಟ್ಟಿಲುಗಳಲ್ಲಿ ಮಾಸ್ತರರಿಗೆ ಹೀಗಾಗದೆ ಇದ್ದುದೇಕೆಂಬುದಕ್ಕೂ ಇದೇ ಉತ್ತರ: ಅಲ್ಲಿ ಗೋಡೆ ಸದಾ ಕೈಯಳತೆಯಲ್ಲಿರುತ್ತದೆ.

ಗೋಪುರದ ಮೆಟ್ಟಿಲುಗಳು ಕಡಿದು, ಇಕ್ಕಟ್ಟು. ಕೈ ಚಾಚಿದರೆ ಕಲ್ಲಿನ ಗೋಡೆ ತಗಲುತ್ತಿತ್ತು. ಇದೂ ಬಾವಿಯೇ, ತಲೆಕೆಳಗಾದ ಬಾವಿ ಎಂದು ಮಾಸ್ತರರಿಗೆ ಅನ್ನಿಸಿತು. ಅವರು ಕಿಂಡಿಗಳ ಕಡೆ ನೋಡದೆ, ಮುಂದೆ ಹತ್ತುತ್ತಿದ್ದವಳ ಹಿಮ್ಮಡಿಗಳನ್ನು ಮಾತ್ರ ನೋಡುತ್ತ ಏರಿದರು. ಮೂರನೆಯ ಅಂತಸ್ತಿನಲ್ಲಿ ಅವರ ಕಾಲು ತಾನಾಗಿಯೇ ನಿಂತಿತು. ಆಕೆ ತಿರುಗಿ ನೋಡದೆ, “ನನಗೂ ಉಬ್ಬಸ ಬಂತು, ತುಸು ನಿಲ್ಲೂಣ್ರಿ,” ಎಂದು ನಿಂತಳು. ಆಕೆಗೆ ಉಬ್ಬಸ ಬಂದಿತ್ತೋ ಇಲ್ಲವೋ, ಆಕೆಗೇ ಗೊತ್ತು.

ಏಳನೆಯ ಅಂತಸ್ತು ದಾಟಿ ಮಾಳಿಗೆಗೆ ಬಂದಾಗ ಗಾಳಿ ಜೋರಾಗಿ ಬೀಸುತ್ತಿತ್ತು. ಮನೆಯಾಕೆ ಅಂಚಿನವರೆಗೂ ಹೋಗಿ, ಜುಮ್ಮಾ ಮಸೀದಿಯ ಗುಮ್ಮಟವನ್ನೂ, 1584ರಲ್ಲಿ ಕಟ್ಟಿದ ಉಪ್ಪಲಿ ಬುರುಜನ್ನೂ, ಪಡುವಣದಲ್ಲಿ ಇಬ್ರಾಹಿಂ ರೋಜಾದ ಮೀನಾರುಗಳನ್ನೂ ಕೇಳಿ ಕೇಳಿ ಗುರುತಿಸಿದಳು. ಮಾಸ್ತರರು ಗುಮ್ಮಟದ ಗೋಡೆಗೆ ಬೆನ್ನು ಹಚ್ಚಿ ನಿಂತು, ಕಣ್ಣು ಮುಚ್ಚಿಕೊಂಡೇ ಅವಕ್ಕೆಲ್ಲ ಉತ್ತರ ಹೇಳಿದರು. ಮೂವತ್ತು ವರ್ಷ ಕಲಿಸಿದ ಪಾಠಕ್ಕೆ ಕಣ್ಣು ಬೇಕಾಗಲಿಲ್ಲ.

ಉಳಿದದ್ದು ಪಿಸುಮಾತಿನ ಗ್ಯಾಲರಿ. ಗುಮ್ಮಟದ ಬುಡದಲ್ಲಿ ಒಳಗಡೆ ಸುತ್ತುವರಿದಿರುವ ಈ ಮೊಗಸಾಲೆ ಸುಮಾರು 11 ಅಡಿ ಅಗಲವಿದೆ. ಅದರ ಒಳ ಅಂಚಿನಿಂದ ಹಜಾರದ ನೆಲ ನೂರು ಅಡಿಗೂ ಮಿಕ್ಕಿ ಕೆಳಗಿದೆ. ಗಾಳಿಯಲ್ಲಿ ತೂಗುತ್ತಿರುವಂತೆ ಕಂಡರೂ ಅದು ತೂಗುತ್ತಿಲ್ಲವೆಂಬುದು ಮಾಸ್ತರರಿಗೆ ಚೆನ್ನಾಗಿ ಗೊತ್ತು. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿಟ್ಟರೆ ಎಂಟು ಮೂಲೆಯ ನಕ್ಷತ್ರವಾಗುವಂತೆ, ಇಲ್ಲಿ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿ ಒಳಕ್ಕೆ ಚಾಚಿಕೊಂಡಿವೆ. ಗುಮ್ಮಟ ಅವುಗಳ ಅಂಚಿನಿಂದ ಹಿಂದೆ ಸರಿದು ಕುಳಿತಿದೆ. ನಡುವೆ ಉಳಿದ ಜಾಗವೇ ಗ್ಯಾಲರಿ. ಇಟ್ಟಿಗೆ ಗಾರೆಯ ಆ ಮಹಾಭಾರ ಗೋಡೆಗಳನ್ನು ಹೊರಕ್ಕೆ ನೂಕಲು ನೋಡಿದರೆ, ಒಳಕ್ಕೆ ಚಾಚಿದ ಈ ಕಟ್ಟಡದ ಭಾರ ಆ ನೂಕನ್ನು ತಡೆದು ನಿಲ್ಲಿಸುತ್ತದೆ. ನೋಡುವವನಿಗೆ ಬೀಳುವಂತೆ ತೋರುವ ಭಾಗವೇ ಇಡೀ ಗುಮ್ಮಟವನ್ನು ಬೀಳದಂತೆ ಹಿಡಿದಿದೆ. ಈ ಚಿತ್ರವನ್ನು ಅವರು ಕಪ್ಪುಹಲಗೆಯ ಮೇಲೆ ಅದೆಷ್ಟು ಸಲ ಬರೆದಿದ್ದರೋ!

ಬಾಗಿಲೊಳಗೆ ಕಾಲಿಟ್ಟೊಡನೆ ಇಬ್ಬರ ಹೆಜ್ಜೆಯ ಸದ್ದು ಒಂದು ದಂಡಿನ ನಡಿಗೆಯಂತೆ ಮೊಳಗಿತು. ಯಾವುದೋ ಶಾಲೆಯ ಮಕ್ಕಳು ಆಗಲೇ ಅಲ್ಲಿದ್ದರು. ದಾರಿ ತೋರಿಸುವವನೊಬ್ಬನು, ಮಹಮ್ಮದನ ಪ್ರೇಯಸಿ ರಂಭೆ ತನ್ನ ಪ್ರೀತಿಯನ್ನು ಸಾಬೀತುಪಡಿಸಲು ಇಲ್ಲಿಂದಲೇ ಕೆಳಕ್ಕೆ ಹಾರಿದಳೆಂಬ ಕಥೆಯನ್ನು ಕೈಬಾಯಿ ತಿರುಗಿಸಿ ಬಣ್ಣಿಸುತ್ತಿದ್ದನು. ಅದು ಕಥೆಯೆಂದು ತಿಳಿದಿದ್ದರೂ ಮಾಸ್ತರರ ಅಂಗೈ ಬೆವರಿತು.

ಅವರು ಗೋಡೆಗೆ ಅಂಟಿ ಕುಳಿತರು. ಮನೆಯಾಕೆ ಸುತ್ತಿ ನಡೆದು ಎದುರುಗಡೆಗೆ ಹೋಗಿ, ಗೋಡೆಗೆ ಬಾಯಿ ಹಚ್ಚಿದಳು. ಇಂಥ ಗೋಡೆಯ ಬಳಿ ಆಡಿದ ಪಿಸುಮಾತು ಬಯಲಿಗೆ ಚದರದೆ, ಬಾಗಿದ ಮೈಯನ್ನೇ ಹಿಡಿದು ಹರಿಯುತ್ತದೆಂಬುದನ್ನು ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯ ಗ್ಯಾಲರಿಯನ್ನು ನಿಮಿತ್ತವಾಗಿಟ್ಟುಕೊಂಡು ವಿವರಿಸಿದವರು ವಿಜ್ಞಾನಿ ರ‍್ಯಾಲೆ. 1920ರ ದಶಕದ ಆರಂಭದಲ್ಲಿ ಸರ್ ಸಿ. ವಿ. ರಾಮನ್ ಅವರೂ ಇಂಥ ಗ್ಯಾಲರಿಗಳ ಶಬ್ದವನ್ನು ಅಭ್ಯಸಿಸಿದ್ದರು, ಗೋಳಗುಮ್ಮಟ ಅವುಗಳಲ್ಲೊಂದು.

ಮಾಸ್ತರರ ಕಿವಿಯ ಪಕ್ಕದಲ್ಲಿಯೇ ಯಾರೋ ಕುಳಿತು ಮಾತಾಡಿದಂತೆ ಧ್ವನಿ ಬಂತು:

“ಅಂಜಿಕಿ ಆಗತೈತೇನ್ರಿ?”

ಮೂವತ್ತು ವರ್ಷಗಳಲ್ಲಿ ಆಕೆ ಎಂದೂ ಕೇಳದಿದ್ದ ಪ್ರಶ್ನೆ ಅದು. ಇಲ್ಲವೆಂದು ಹೇಳಲು ಮಾಸ್ತರರು ಗೋಡೆಯ ಕಡೆ ತಿರುಗಿದರು. ಆದರೆ ಬೆವರಿದ ಅಂಗೈ, ನಡುಗುವ ಮೊಣಕಾಲು ಎರಡೂ ಅವರಿಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತಿದ್ದವು. “ಆಗತೈತಿ!” ಎಂದರು. ಪಿಸುಮಾತಾಗಿ ಹೊರಡಬೇಕಾದದ್ದು ಭಯದಿಂದಾಗಿ ಕೂಗಾಗಿ ಹೊರಟಿತು. ಗಟ್ಟಿಯಾಗಿ ಆಡಿದ್ದನ್ನು ಮತ್ತೆ ಮತ್ತೆ ಮರುನುಡಿಯುವುದು ಆ ಗುಮ್ಮಟದ ಸ್ವಭಾವ. ಆಗತೈತಿ, ಆಗತೈತಿ, ಆಗತೈತಿ ಎಂದು ಅದು ಮಾಸ್ತರರ ಗುಟ್ಟನ್ನು ಸುತ್ತಲೂ ಸಾರಿತು. ಮಕ್ಕಳು ಗೊಳ್ಳೆಂದು ನಕ್ಕರು. ಗುಮ್ಮಟವೂ ಅವರೊಡನೆ ಅಷ್ಟು ಸಲ ನಕ್ಕಿತು. ಅವರಲ್ಲೊಬ್ಬ ಸಣ್ಣ ಹುಡುಗ ಮಾತ್ರ ನಗಲಿಲ್ಲ. ಅವನೂ ಗೋಡೆಗೆ ಅಂಟಿಕೊಂಡೇ ನಿಂತಿದ್ದನು. ಅವನು ಮೆಲ್ಲನೆ ಬಂದು ಮಾಸ್ತರರ ಪಕ್ಕದಲ್ಲಿ ಕುಳಿತನು.

ನಗೆ ಅಡಗಿದ ಮೇಲೆ ಗೋಡೆ ಮತ್ತೆ ಮಾತಾಡಿತು: “ನನಗ ಗೊತ್ತಿತ್ತು ಬಿಡ್ರಿ. ಕೂತಲ್ಲೇ ಕೂಡ್ರಿ, ನಾನಽ ಬರತೀನಿ.”

ಹಿಂದಿರುಗುವಾಗ ಕೊಲ್ಹಾರದಲ್ಲಿ ಬಸ್ಸು ನಿಂತಿತು. ಮಾಸ್ತರರು ಇಳಿದು ಹೋಗಿ ಆ ಊರಿನ ಹೆಸರುವಾಸಿ ಮೊಸರಿನ ಮಣ್ಣಿನ ಗಡಿಗೆಯೊಂದನ್ನು ಕೊಂಡು ತಂದರು. ಗಡಿಗೆಯನ್ನು ಹೆಂಡತಿಯ ಮಡಿಲಲ್ಲಿಟ್ಟು, “ರಾಶಿ ಮುಗದ ಮ್ಯಾಲೆ ಬೆಂಗಳೂರಿಗೆ ಹೋಗಿ ಬರೂಣೇನು?” ಎಂದು ಕೇಳಿದರು.

“ಹದಿನಾಲ್ಕನೇ ಮಾಳಿಗಿರಿ ಅದು.”

“ಗೊತ್ತೈತಿ. ಅಂಜಿಕಿ ಬರತೈತಂತ ಹುಡುಗಗ ನಾನಽ ಹೇಳತೀನಿ. ಗೋಡಿ ಹಿಡಕೊಂಡು ಕುಂತರಾತು. ಕೂಸು ಬಂದು ತೊಡಿಮ್ಯಾಲೆ ಕುಂದರತೈತಿ.”

ಬಸ್ಸು ಸೇತುವೆಯ ಮೇಲೆ ಬಂದಿತು. ಒಂದೇ ದಿನದಲ್ಲಿ ಭಯವೆಲ್ಲ ಮಾಯವಾಗುವುದು ಕಥೆಗಳಲ್ಲಿ ಮಾತ್ರ. ಮಾಸ್ತರರು ಈ ಸಲವೂ ಕಿಟಕಿಯ ಪಕ್ಕಕ್ಕೆ ಕುಳಿತಿರಲಿಲ್ಲ. ಆದರೆ ಕೈಚೀಲದ ಗುಂಡಿಯನ್ನು ನೋಡುವ ನಟನೆಯನ್ನು ಬಿಟ್ಟು, ಎಲ್ಲರೆದುರಿಗೆ ಕಣ್ಣು ಮುಚ್ಚಿಕೊಂಡು, “ನೀರು ದಾಟಿದ ಮ್ಯಾಲೆ ಹೇಳು,” ಎಂದರು. ಮೊಸರಿನ ಗಡಿಗೆ ಅಲುಗದಂತೆ ಒಂದು ಕೈಯಿಂದ ಹಿಡಿದುಕೊಂಡು, ಆಕೆ ಇನ್ನೊಂದು ಕೈಯನ್ನು ಅವರ ಕೈಯ ಮೇಲಿಟ್ಟಳು.